ಮಣ್ಣ ಎಲ್ಲೆ ಹಾಕೂದ್ರಿ?

ಜೆಸಿಬಿ ಡ್ರೈವರು ಮೊದಲ ಬಕೆಟ್ ಮಣ್ಣೆತ್ತಿ, ಅದನ್ನು ಗಾಳಿಯಲ್ಲೇ ಹಿಡಿದು, ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಕೇಳಿದ: ‘ಸರ, ಮಣ್ಣ ಎಲ್ಲೆ ಹಾಕೂದ್ರಿ?’

ನಾನು ತಮ್ಮನ ಮುಖ ನೋಡಿದೆ, ತಮ್ಮ ನನ್ನ ಮುಖ ನೋಡಿದ. ರೋಣದ ಹತ್ತಿರದ ನಮ್ಮ ಎರಿಹೊಲದಲ್ಲಿ ಕೃಷಿ ಹೊಂಡ ತೋಡಿಸುವ ಬಗ್ಗೆ ಇಬ್ಬರೂ ಆರು ತಿಂಗಳಿಂದ ಮಾತಾಡಿದ್ದೆವು. ಹೊಂಡ ಯಾವ ಮೂಲೆಗೆ, ನೀರು ಯಾವ ಕಡೆಯಿಂದ ಹರಿದು ಬರಬೇಕು, ಜೆಸಿಬಿಗೆ ತಾಸಿಗೆಷ್ಟು, ಡೀಸೆಲ್ ಯಾರದು, ಡ್ರೈವರಿಗೆ ರೊಟ್ಟಿ ಯಾರ ಮನೆಯಿಂದ ಬರಬೇಕು, ಎಲ್ಲ ಲೆಕ್ಕವಾಗಿತ್ತು. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ನಾಲ್ಕೂ ಬದಿಯ ಇಳಿಜಾರು ಕಳೆದರೂ ಇಷ್ಟು ಹೊಂಡದಿಂದ ಸುಮಾರು 980 ಘನ ಮೀಟರ್ ಮಣ್ಣು ಹೊರಬೀಳುತ್ತದೆ. ಅಗೆದ ಮಣ್ಣು ಉಬ್ಬುತ್ತದೆ ಬೇರೆ. ಟ್ರ್ಯಾಕ್ಟರಿನ ಟ್ರೇಲರಿಗೆ 3 ಘನ ಮೀಟರ್ ಹಿಡಿದರೂ ಹತ್ತಿರಹತ್ತಿರ ನಾನೂರು ಖೇಪು. ಈ ಲೆಕ್ಕ ನಾನು ಹಾಕಿದ್ದು ಅವತ್ತು ರಾತ್ರಿ, ಊಟ ಆದ ಮೇಲೆ. ಹೊಲದಲ್ಲಿ ನಿಂತಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: ‘ಸದ್ಯಕ್ಕ ದಂಡಿಗೆ ಹಾಕ್ರಿ, ನೋಡೂಣಂತ.’

ಮೃಗಶಿರಾ ಮಳೆ ಹೊಡೆದ ಮೂರನೆಯ ದಿನಕ್ಕೆ ದಂಡೆಯ ಮಣ್ಣಿನಲ್ಲಿ ಅರ್ಧದಷ್ಟು ತಾನು ಹೊರಟ ಜಾಗಕ್ಕೇ ಮರಳಿ ಬಂದಿತ್ತು. ಉಳಿದ ರಾಶಿ ಬಿದ್ದ ಜಾಗದಲ್ಲಿ ಆ ವರ್ಷ ಹೆಸರು ಬಿತ್ತಲಾಗಲಿಲ್ಲ. ‘ಬೆಂಗಳೂರಾಗ ಹದಿನೆಂಟು ವರ್ಷ ನೀ ಇದನ್ನ ಮಾಡ್ತಿದ್ದೇನಣ್ಣಾ?’ ಎಂದು ತಮ್ಮ ಕೇಳಿದ. ಚುಚ್ಚಬೇಕೆಂದು ಕೇಳಿದ್ದಲ್ಲ, ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಏನೆನ್ನಲಿ? ಅಲ್ಲಿ ನನ್ನ ಹುದ್ದೆಯ ಹೆಸರೇ ಪ್ರಾಜೆಕ್ಟ್ ಮ್ಯಾನೇಜರ್ ಎಂದಿತ್ತು.

ಆದ್ದರಿಂದ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವವರಿಗೆ ಉತ್ತರ ಬರೆಯಲು ನನಗಿರುವ ಅರ್ಹತೆ ಆ ಹುದ್ದೆಗಿಂತ ಹೆಚ್ಚಾಗಿ ಆ ಮಣ್ಣಿನ ರಾಶಿ. ಕೇಳುವವರೂ ಒಂದೇ ಬಗೆಯವರಲ್ಲ. ಗಜೇಂದ್ರಗಡದಲ್ಲಿ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸ ಹುಡುಕುತ್ತಿರುವವಳು, ನರಗುಂದದ ಬಿ.ಕಾಂ. ಹುಡುಗ, ಮೊದಲ ಸಲ ಗೆದ್ದು ಬಂದ ಗ್ರಾಮ ಪಂಚಾಯಿತಿ ಸದಸ್ಯೆ. ಬಹಳ ಜನರ ಎರಡನೆಯ ಪ್ರಶ್ನೆ ಸರ್ಟಿಫಿಕೇಟಿನದು. ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೊಡುವ ಪಿಎಂಪಿಗೆ ಬೆಲೆಯೇನೋ ಇದೆ, ಆದರೆ ಅದು ವರ್ಷಗಟ್ಟಲೆ ಯೋಜನೆಗಳನ್ನು ನಡೆಸಿದ ಅನುಭವ ಕೇಳುತ್ತದೆ. ಹೊಸಬರಿಗಾಗಿ ಅದೇ ಸಂಸ್ಥೆಯ ಸಿಎಪಿಎಂ ಇದೆ, ಅದಕ್ಕೆ ಅನುಭವ ಬೇಡ, 23 ತಾಸಿನ ಪಾಠ ಕೇಳಿರಬೇಕು. ಐಐಟಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ಅವನ್ನು ಕೇಳಿ, ಫೀ ಕಟ್ಟುವುದು ಆಮೇಲಿನ ಮಾತು. ನನ್ನ ಹತ್ತಿರ ಈ ಸರ್ಟಿಫಿಕೇಟುಗಳಲ್ಲಿ ಒಂದಿತ್ತು. ಡ್ರೈವರು ಬಕೆಟ್ ಎತ್ತಿ ಹಿಡಿದಾಗ ಅದು ನೆನಪಿಗೂ ಬರಲಿಲ್ಲ.

ಪುಸ್ತಕಗಳಲ್ಲಿ ಮೊದಮೊದಲೇ ಬರುವ ಅಧ್ಯಾಯ ‘ಸ್ಕೋಪ್’. ಕೆಲಸದ ಎಲ್ಲೆ ಎನ್ನೋಣ: ಏನು ಇದರೊಳಗೆ ಬರುತ್ತದೆ, ಏನು ಬರುವುದಿಲ್ಲ. ಓದುವಾಗ ಇದಕ್ಕೊಂದು ಅಧ್ಯಾಯ ಬೇಕೇ ಎನಿಸುತ್ತದೆ. ಹೊಂಡ ತೋಡುವುದೆಂದರೆ ಹೊಂಡ ತೋಡುವುದು, ಅದರಲ್ಲೇನಿದೆ? ಅದರಲ್ಲಿ ನಾನೂರು ಖೇಪು ಮಣ್ಣಿದೆ. ಈ ಎಲ್ಲೆಯನ್ನು ಹಾಕಲು ನನಗೆ ಗೊತ್ತಿರುವ ಸುಲಭದ ದಾರಿ ಒಂದೇ. ‘ಕೆಲಸ ಮುಗೀತು’ ಎಂದು ಕೊನೆಗೆ ಯಾರು ಹೇಳಬೇಕು, ಅವರು ಏನನ್ನು ನೋಡಿ ಹಾಗೆ ಹೇಳುತ್ತಾರೆ ಎನ್ನುವುದನ್ನು ಕೆಲಸ ಶುರುವಾಗುವ ಮೊದಲೇ ಒಂದು ವಾಕ್ಯದಲ್ಲಿ ಬರೆದಿಡುವುದು. ಶಾಲೆಗೆ ಶೌಚಾಲಯ ಕಟ್ಟಿಸುತ್ತೀರಿ. ಗುತ್ತಿಗೆದಾರನ ಲೆಕ್ಕದಲ್ಲಿ ಸುಣ್ಣ ಬಳಿದು ಫೋಟೊ ತೆಗೆದ ದಿನ ಕೆಲಸ ಮುಗಿಯಿತು. ಏಳನೆತ್ತೆಯ ಹುಡುಗಿಯ ಲೆಕ್ಕದಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬಂದು, ಒಳಗಿನ ಚಿಲಕ ಬಿದ್ದ ದಿನ ಮುಗಿಯಿತು. ಎರಡನೆಯದನ್ನು ಬರೆದುಕೊಂಡರೆ ಟಾಕಿ, ಮೋಟರು, ಕರೆಂಟಿನ ಬಿಲ್ಲು, ತೊಳೆಯುವವರ ಪಗಾರ ತಾವಾಗಿಯೇ ಪಟ್ಟಿಗೆ ಬಂದು ಕೂರುತ್ತವೆ.

ನರಗುಂದ ಕಡೆಯವರಿಗೆ ಈ ‘ಮುಗೀತು’ ಎಂಬ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದದ್ದು 1970ರ ದಶಕದ ಆರಂಭದಲ್ಲಿ. ಸಾಮರ್ಥ್ಯ 37.73 ಟಿಎಂಸಿ, ಗುರಿ ಎರಡು ಲಕ್ಷ ಹೆಕ್ಟೇರಿಗೂ ಮೀರಿದ ಅಚ್ಚುಕಟ್ಟು. ಎಂಜಿನಿಯರರ ಕಡತದಲ್ಲಿ ಕಾಲುವೆಯ ಕೆಳಗೆ ಬಿದ್ದ ಹೊಲ ನೀರಾವರಿ ಹೊಲ. ಕಂದಾಯ ಇಲಾಖೆ ಅದೇ ಕಡತವನ್ನು ಮುಂದಿಟ್ಟುಕೊಂಡಿತು. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ, ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು ಬರಬೇಕು ಎಂದು ಬೆಟರ್‌ಮೆಂಟ್ ಲೆವಿ ಕೇಳಿತು, ಜೊತೆಗೆ ನೀರಿನ ಕರ. ರೈತನ ಲೆಕ್ಕ ಬೇರೆಯಿತ್ತು. ಹೊಲಗಾಲುವೆಯಲ್ಲಿ ಬೇಕಾದ ಹೊತ್ತಿಗೆ ನೀರು ಬಂದು ಬೆಳೆ ತೊಯ್ದರೆ ಅದು ನೀರಾವರಿ. ಕಾಲುವೆಯ ಬಾಲದ ಕಡೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ಕರದ ನೋಟಿಸು ಮುಟ್ಟಿತು ಎನ್ನುವುದು ಅವರ ಸಿಟ್ಟು. 1980ರ ಜುಲೈ 21ರಂದು ನರಗುಂದದಲ್ಲೂ ನವಲಗುಂದದಲ್ಲೂ ಆ ಸಿಟ್ಟು ಬೀದಿಗೆ ಬಂತು. ಗೋಲಿಬಾರಾಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದ ಕಡೆಯ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು. ಪೊಲೀಸರೂ ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಇಂದಿಗೂ ಜುಲೈ 21 ಬಂದರೆ ಹಸಿರು ಟವೆಲ್ಲುಗಳು ನರಗುಂದದ ದಾರಿ ಹಿಡಿಯುತ್ತವೆ.

ಅಂಥ ಹೋರಾಟವನ್ನು ಆಡಳಿತದ ಒಂದು ಪಾಠವಾಗಿ ಸಣ್ಣದು ಮಾಡುವ ಇರಾದೆ ನನಗಿಲ್ಲ. ಬೆಳೆಯ ಬೆಲೆ, ಸಾಲ, ಅಧಿಕಾರಿಗಳ ದರ್ಪ ಎಲ್ಲವೂ ಅದರಲ್ಲಿದ್ದವು. ಆದರೂ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಹೇಳಿಕೊಡುವ ಯಾರಾದರೂ ನಮ್ಮ ಜಿಲ್ಲೆಗೆ ಬಂದರೆ ಪವರ್‌ಪಾಯಿಂಟ್ ಬಿಚ್ಚುವ ಮೊದಲು ಇದನ್ನು ಹೇಳಲಿ ಎಂದು ನನ್ನ ಆಸೆ. ಅಲ್ಲಿ ಒಂದೇ ಯೋಜನೆಗೆ ಎರಡು ‘ಮುಗೀತು’ ಇದ್ದವು, ಎರಡರ ನಡುವೆ ಯಾರೂ ಕೂತು ಮಾತಾಡಿರಲಿಲ್ಲ.

ಮಲಪ್ರಭೆಯದೇ ಇನ್ನೊಂದು ಸಂಗತಿ ನನ್ನ ಹೊಂಡಕ್ಕೆ ಹತ್ತಿರದ್ದು. ಎರಿನೆಲ ನೀರನ್ನು ಹಿಡಿದಿಟ್ಟುಕೊಳ್ಳುವ ನೆಲ, ಬೇಗ ಬಸಿದುಹೋಗಲು ಬಿಡುವುದಿಲ್ಲ. ಅಂಥ ನೆಲಕ್ಕೆ ವರ್ಷವರ್ಷವೂ ಕಾಲುವೆಯ ನೀರು ಹಾಯಿಸಿ, ಹೆಚ್ಚಾದದ್ದು ಹೊರಹೋಗಲು ಬಸಿಗಾಲುವೆ ತೆಗೆಯದಿದ್ದರೆ ಕೆಳಗಿನ ಉಪ್ಪು ನೀರಿನೊಡನೆ ಮೇಲೆ ಬರುತ್ತದೆ. ಸವಳು-ಜವಳು ಎಂಬ ಜೋಡುಪದ ಅಚ್ಚುಕಟ್ಟಿನ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ನೀರು ತರುವುದು ಪಟ್ಟಿಯ ತಲೆಯಲ್ಲಿತ್ತು, ಕಳಿಸುವುದು ಹಿಂದೆ ಬಿತ್ತು. ನಮ್ಮ ಮಣ್ಣಿನ ಹಾಗೆಯೇ. 2009ರ ಪ್ರವಾಹದ ನಂತರ ಮಲಪ್ರಭೆ, ಬೆಣ್ಣೆಹಳ್ಳದ ದಂಡೆಯ ಊರವರಿಗೆಂದು ಎತ್ತರದ ಜಾಗದಲ್ಲಿ ಕಟ್ಟಿದ ನವಗ್ರಾಮಗಳನ್ನೂ ಹೋಗಿ ನೋಡಿ. ಮನೆ ಕಟ್ಟಿ ಮುಗಿಸಿದ್ದಾರೆ, ಎಷ್ಟೋ ಮನೆಗಳ ಹೊಸ್ತಿಲಲ್ಲಿ ಜಾಲಿ ಬೆಳೆದಿದೆ. ದನ ಕಟ್ಟುವುದೆಲ್ಲಿ, ಹೊಟ್ಟಿನ ಬಣವೆ ಒಟ್ಟುವುದೆಲ್ಲಿ, ಹೊಲಕ್ಕೆ ಹೋಗುವುದು ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಜಾಗವಿರಲಿಲ್ಲ.

ಎಲ್ಲೆ ಹಾಕಿದ ಮೇಲಿನ ಕೆಲಸ ವೇಳೆಯದು. ಇದನ್ನು ನಮ್ಮ ಭಾಗದ ಒಕ್ಕಲಿಗರಿಗೆ ಕಲಿಸಲು ಹೊರಡುವುದೇ ಒಂದು ಉದ್ಧಟತನ. ಗೋಡೆಯ ಮೇಲೆ ಗದಗಿನಲ್ಲಿ ಅಚ್ಚಾದ ಕ್ಯಾಲೆಂಡರು ತೂಗುತ್ತಿರುತ್ತದಲ್ಲ, ಮಳೆ ನಕ್ಷತ್ರಗಳ ಹೆಸರಿರುವುದು, ಅದರ ಮುಂದೆ ನಿಂತು ತಮ್ಮ ಲೆಕ್ಕ ಹಾಕುವುದನ್ನು ನೋಡಬೇಕು. ಅವನು ಜೂನಿನಿಂದ ಮುಂದಕ್ಕೆ ಎಣಿಸುವುದಿಲ್ಲ. ಹಿಂಗಾರಿಯಿಂದ ಹಿಂದಕ್ಕೆ ಎಣಿಸುತ್ತಾನೆ. ಬಿಳಿಜೋಳ ಉತ್ತರಿ-ಹಸ್ತದಲ್ಲಿ, ಕಡಲೆ ಹಸ್ತ-ಚಿತ್ತಿಯಲ್ಲಿ ನೆಲಕ್ಕೆ ಬೀಳಬೇಕು, ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಅದಕ್ಕೆ ಮೊದಲು ಹೊಲ ಹರಗಿ ಹದಕ್ಕೆ ಬಂದಿರಬೇಕು. ಅದಕ್ಕೂ ಮೊದಲು ಹೆಸರು ಕಿತ್ತು ಹೊಲ ತೆರವಾಗಿರಬೇಕು. ಹೆಸರಿಗೆ ಎಪ್ಪತ್ತು ದಿನದ ಆಸುಪಾಸು ಬೇಕು. ಹಾಗಾದರೆ ಮೃಗಶಿರದಲ್ಲಿ, ಜೂನ್ ಎರಡು-ಮೂರನೆಯ ವಾರದಲ್ಲಿ, ಕೂರಿಗೆ ಹೂಡಿರಬೇಕು. ಹಾಗೆ ಹೂಡಿದರೆ ಆಗಸ್ಟ್ ಕೊನೆಗೆ ಹೊಲ ಖಾಲಿ, ಹಿಂಗಾರಿ ಬಿತ್ತನೆಗೆ ಮೂರು-ನಾಲ್ಕು ವಾರ ಸಡಿಲ. ಆರಿದ್ರಾಕ್ಕೆ ಹೋದರೆ ಸಡಿಲ ಅರ್ಧ ಕರಗಿತು. ಪುನರ್ವಸುವೂ ಒಣಗಿ ಹೋದರೆ ತಮ್ಮ ಬೀಜದ ಚೀಲ ಬಿಚ್ಚುವುದೇ ಇಲ್ಲ. ‘ಈ ವರ್ಸ ಹೆಸರ ಬ್ಯಾಡ, ಹಿಂಗಾರಿಗೇ ಬಿಡೂಣು’ ಎಂದು ಹೊಲ ಖಾಲಿ ಬಿಡುತ್ತಾನೆ.

1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಎಂಬಿಬ್ಬರು ಕಾರ್ಖಾನೆಯ ಕೆಲಸಗಳನ್ನು ಲೆಕ್ಕ ಹಾಕಲು ಕಂಡುಕೊಂಡ ‘ಕ್ರಿಟಿಕಲ್ ಪಾತ್’ ಎಂಬುದರ ತಿರುಳು ಇಷ್ಟೇ. ಕೆಲಸಗಳನ್ನು ಪಟ್ಟಿ ಮಾಡಿ, ಯಾವುದು ಯಾವುದಕ್ಕೆ ಕಾದು ನಿಂತಿದೆ ಎಂದು ಗೆರೆ ಎಳೆಯಿರಿ. ಮೊದಲಿನಿಂದ ಕೊನೆಯವರೆಗೆ ಹಲವು ಸಾಲುಗಳು ಸಿಗುತ್ತವೆ. ದಿನ ಕೂಡಿಸಿ ನೋಡಿದರೆ ಅವುಗಳಲ್ಲಿ ಒಂದು ಎಲ್ಲಕ್ಕಿಂತ ಉದ್ದ. ಆ ಸಾಲಿನಲ್ಲಿ ಒಂದು ದಿನ ತಪ್ಪಿದರೆ ಇಡೀ ಕೆಲಸ ಒಂದು ದಿನ ತಪ್ಪುತ್ತದೆ. ಉಳಿದ ಸಾಲುಗಳಲ್ಲಿ ಸ್ವಲ್ಪ ಸಡಿಲವಿರುತ್ತದೆ, ಅಲ್ಲಿ ತಡವಾದರೆ ನಿದ್ದೆಗೆಡಬೇಕಿಲ್ಲ. ನಾನು ಕಂಡ ಮ್ಯಾನೇಜರುಗಳಲ್ಲಿ ಹೆಚ್ಚಿನವರು, ನನ್ನನ್ನೂ ಸೇರಿಸಿ, ಸಡಿಲವಿರುವ ಸಾಲಿನವರ ಮೇಲೆ ಕೂಗಾಡುತ್ತ ಉದ್ದದ ಸಾಲನ್ನು ಮರೆಯುತ್ತಿದ್ದರು. ಜಿದ್ದಿಗೆ ಬಿದ್ದು ತಡವಾಗಿ ಹೆಸರು ಬಿತ್ತಿ ಹಿಂಗಾರಿಯನ್ನೂ ಕಳೆದುಕೊಂಡಂತೆ. ಇನ್ನು ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಹೆಸರು ಮಾಡಿದ ಪಟ್ಟಿಯ ಚಿತ್ರ, ಈಗ ಪ್ರತಿ ಕಚೇರಿಯ ಕಂಪ್ಯೂಟರಿನಲ್ಲೂ ಇರುವುದು, ಕ್ಯಾಲೆಂಡರಿನ ಮೇಲೆ ಅಡ್ಡಗೆರೆ ಎಳೆದಂತೆ, ಅಷ್ಟೇ. ನೋಡಲು ಚೆಂದ. ಆದರೆ ಯಾವುದು ಯಾವುದಕ್ಕೆ ಕಾದಿದೆ ಎಂದು ತಿಳಿಯದೆ ಎಳೆದ ಗೆರೆಗಿಂತ ತಮ್ಮನ ಬಾಯಿಲೆಕ್ಕ ಮೇಲು.

ಗಜೇಂದ್ರಗಡದಲ್ಲಿ ಕೈಮಗ್ಗದ ಸದ್ದು ಮೊದಲಿನಷ್ಟಿಲ್ಲದಿದ್ದರೂ ಇನ್ನೂ ನಿಂತಿಲ್ಲ. ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಕುಣಿಯೊಳಗೆ ಕಾಲು ಇಳಿಬಿಟ್ಟು ಅವರು ಲಾಳಿ ಹೊಡೆಯುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ರಾಟೆ ತಿರುವಿ ಕಂಡಿಕೆ ಸುತ್ತುತ್ತಿದ್ದರು. ಯಾರೋ ಬಾಗಿಲಲ್ಲಿ ಕರೆದರೆಂದು ಆ ತಾಯಿ ಎದ್ದುಹೋದರು. ಬುಟ್ಟಿಯಲ್ಲಿದ್ದ ನಾಲ್ಕು ಕಂಡಿಕೆ ಮುಗಿದವು. ಮಗ್ಗ ನಿಂತಿತು. ನೇಕಾರರು ನನ್ನ ಕಡೆ ತಿರುಗಿ ನಕ್ಕರು: ‘ಈಗ ನೋಡ್ರಿ, ನನ್ನ ಕೈ ಎಷ್ಟ ಜೋರಿದ್ರ ಏನ?’ ನಾನು ಎಷ್ಟೋ ಸಭೆಗಳಲ್ಲಿ ಚಾರ್ಟು ತೋರಿಸಿಯೂ ದಾಟಿಸಲಾಗದಿದ್ದ ಮಾತು ಅದು. ಇಡೀ ಮನೆಯ ವೇಗ ಲಾಳಿಯದಲ್ಲ, ಆ ಹೊತ್ತಿಗೆ ಯಾವ ಕೆಲಸ ಹಿಂದೆ ಬಿದ್ದಿದೆಯೋ ಅದರದು. ನೇಯುವವರನ್ನು ಇಬ್ಬರು ಮಾಡಿದರೂ ಕುಣಿಯೊಳಗೆ ಕೂರುವುದು ಒಬ್ಬರೇ. ಹೊಸ ಹಾಸು ಬಂದಾಗ ಮೊದಲಿನ ಹಾಸಿನ ತುದಿಗೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೆಚ್ಚಬೇಕು, ಆ ಕೆಲಸ ಮುಗಿಯುವವರೆಗೆ ಲಾಳಿಗೆ ರಜೆ. ಮಳೆಗಾಲದಲ್ಲಿ ಕುಣಿಯೊಳಗೆ ನೀರು ಜಿನುಗಿದರೆ ಅದೂ ರಜೆಯೇ, ಪಗಾರವಿಲ್ಲದ್ದು. ಸೀರೆ ಯಾವಾಗ ಕೊಡುತ್ತೀರಿ ಎಂದು ಸಾಹುಕಾರ ಕೇಳಿದಾಗ ಈ ರಜೆಗಳನ್ನೂ ಹಿಡಿದು ಹೇಳುವವನು ಜಾಣ. ಹೆಚ್ಚಿನವರು ಲಾಳಿಯ ವೇಗದ ಮೇಲೆ ಮಾತು ಕೊಟ್ಟುಬಿಡುತ್ತಾರೆ.

ಆ ಮಾತು ಕೊಡುವುದಕ್ಕೂ ಒಂದು ಸಣ್ಣ ಲೆಕ್ಕವಿದೆ. 1958ರಲ್ಲಿ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕೆ ಬಳಸಿದ್ದು. ಎಷ್ಟು ದಿನ ಬೇಕು ಎಂದು ಒಂದೇ ಸಲ ಕೇಳಬೇಡಿ, ಮೂರು ಸಲ ಕೇಳಿ. ಎಲ್ಲ ಸರಿ ಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ ಉಳಿದೆರಡನ್ನು ಕೂಡಿಸಿ ಆರರಿಂದ ಭಾಗಿಸಿ. ನಮ್ಮ ಜೆಸಿಬಿಯವನು ‘ಎರಡ ದಿನದ ಕೆಲಸ’ ಎಂದಿದ್ದ. ಕೆದಕಿ ಕೇಳಿದ್ದರೆ ಸಾಮಾನ್ಯವಾಗಿ ಮೂರು, ಮಳೆ ಬಿದ್ದು ಗಾಡಿ ಎರಿಯಲ್ಲಿ ಹೂತರೆ ಹತ್ತು ಎನ್ನುತ್ತಿದ್ದ. ಎರಡು, ಹನ್ನೆರಡು, ಹತ್ತು ಕೂಡಿದರೆ ಇಪ್ಪತ್ತನಾಲ್ಕು, ಆರರಿಂದ ಭಾಗಿಸಿದರೆ ನಾಲ್ಕು. ತಗಲಿದ್ದು ಐದು. ಲೆಕ್ಕಕ್ಕಿಂತ ಆ ಮೂರನೆಯ ಪ್ರಶ್ನೆಯಿಂದ ಆಗುವ ಲಾಭವೇ ದೊಡ್ಡದು. ‘ಎಲ್ಲ ಕೆಟ್ಟರೆ?’ ಎಂದು ಕೇಳಿದಾಗಲೇ ಕೆಲಸ ಬಲ್ಲವರು ಬಾಯಿ ಬಿಡುವುದು.

ಪಂಚಾಯಿತಿ ಸದಸ್ಯೆ ಕೇಳಿದ್ದಕ್ಕೆ ಮಾತ್ರ ಇನ್ನೊಂದು ಮಾತು ಸೇರಿಸಬೇಕು, ಏಕೆಂದರೆ ಸರ್ಕಾರಿ ಕೆಲಸಗಳಲ್ಲಿ ಉದ್ದದ ಸಾಲು ಎಲ್ಲಿರುತ್ತದೆ ಎನ್ನುವುದು ಅಗೆಯುವವರ ಕಣ್ಣಿಗೆ ಬೀಳುವುದಿಲ್ಲ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯನ್ನೇ ನೋಡಿ. ಕಣಕುಂಬಿಯಲ್ಲಿ ಕಾಮಗಾರಿಗೆ ಚಾಲನೆ ಕೊಟ್ಟದ್ದು 2006ರಲ್ಲಿ. ಮಹದಾಯಿ ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ. ನರಗುಂದದಲ್ಲಿ ರೈತರು ಧರಣಿ ಕೂತದ್ದು 2015ರ ಜುಲೈಯಲ್ಲಿ. ನ್ಯಾಯಮಂಡಳಿಯ ತೀರ್ಪು ಬಂದದ್ದು 2018ರ ಆಗಸ್ಟ್ 14ರಂದು. ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9. ಅದರ ಗೆಜೆಟ್ ಅಧಿಸೂಚನೆ 2020ರ ಫೆಬ್ರುವರಿಯಲ್ಲಿ, ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ 2022ರ ಡಿಸೆಂಬರಿನಲ್ಲಿ. ಆಮೇಲೂ ಅರಣ್ಯ, ವನ್ಯಜೀವಿ ಅನುಮತಿಗಳ ಕಾಯುವಿಕೆ. ತೀರ್ಪು ಸರಿಯೇ ತಪ್ಪೇ ಎನ್ನುವುದು ಇಲ್ಲಿನ ವಿಷಯವಲ್ಲ. ಇಷ್ಟು ವರ್ಷಗಳಲ್ಲಿ ಕಾಲುವೆ ಅಗೆಯಲು ಬೇಕಾದ ವರ್ಷಗಳೆಷ್ಟು, ಕಾಗದ ನಡೆಯಲು ಹಿಡಿದವೆಷ್ಟು, ನೀವೇ ಎಣಿಸಿ. ಊರಿನ ಸಣ್ಣ ಚರಂಡಿಗೂ ಇದೇ. ಯಾರ ಒಪ್ಪಿಗೆ ಇಲ್ಲದೆ ಮುಂದೆ ಹೋಗಲಾಗದೋ ಅವರ ಹೆಸರುಗಳನ್ನು ಮೊದಲ ದಿನವೇ ಬರೆದುಕೊಂಡು, ಅವರ ಮನೆ ಬಾಗಿಲಿಗೆ ಮೊದಲು ಹೋಗಿ. ಸಿಮೆಂಟು ಆಮೇಲೆ ಬಂದರೂ ನಡೆಯುತ್ತದೆ, ಗಟ್ಟಿಯಾಗುವ ಭಯವಿರುವುದರಿಂದ ಆಮೇಲೆ ಬರುವುದೇ ಒಳ್ಳೆಯದು.

ಇಷ್ಟೆಲ್ಲ ಬರೆದ ಮೇಲೆ ಹೊಂಡ ಏನಾಯಿತು ಎಂದು ನೀವು ಕೇಳುವುದು ನ್ಯಾಯ. ಅದು ಇನ್ನೂ ಅರ್ಧ ತುಂಬಿಯೇ ಇದೆ, ಮಣ್ಣಿನಿಂದ. ಕಳೆದ ವಾರ ತಮ್ಮ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಬೆನ್ನ ಮೇಲೆ ಪೆನ್ನು ಹಿಡಿದು ಕೂತಿದ್ದ. ಎಲ್ಲಕ್ಕಿಂತ ಕೆಳಗೆ ಬರೆದಿದ್ದ: ‘ಮಗಿ ಮಳಿಗೆ ಹೊಂಡದಾಗ ನೀರ ನಿಂತಿರಬೇಕು.’ ಅದರ ಮೇಲೆ ಜೆಸಿಬಿ. ಅದರ ಮೇಲೆ ಎರಡು ಟ್ರ್ಯಾಕ್ಟರು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ‘ಮಣ್ಣ ಯಾರ ಹೊಲಕ್ಕ?’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದನ್ನು ಹೊಡೆದುಹಾಕಿದ್ದ. ಪಕ್ಕದ ಕಾಕಾನ ಹೊಲ ಒಂದು ಮಗ್ಗುಲಿಗೆ ತಗ್ಗು, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅವರಿಗೆ ಮಣ್ಣು ಬೇಕಂತೆ.

‘ಮತ್ತ್ಯಾಕ, ಜೆಸಿಬಿಯವಗ ಫೋನ್ ಹಚ್ಚಲೇನು?’ ಎಂದೆ.

‘ಕಾಕಾ ಕಡ್ಲಿ ಕಿತ್ತಮ್ಯಾಲೆ ಹಾಕ್ರಿ ಅಂದಾನ. ಫೆಬ್ರುವರಿ ಆಗತೈತಿ. ನೀ ಸುಮ್ನ ಕೂಡು.’